ಇದ್ದೀರಾ?

ಸೋಮವಾರ ಬೆಳಿಗ್ಗೆ ಮಹಾಲಕ್ಷ್ಮಿ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಿದ್ದಾಗ ಫೋನು ಬಂತು. ಪೀಣ್ಯದ ಒಂದು ಕಾರ್ಖಾನೆಯ ತರಬೇತಿ ವಿಭಾಗದ ಮೇಡಂ.

"ನೀವು ಮಾಡಿಕೊಟ್ಟ ಕೋರ್ಸು ಎಷ್ಟು ನಿಮಿಷದ್ದು ಹೇಳಿ?"

"ಮೂವತ್ತೈದು. ಯಾಕೆ ಮೇಡಂ?"

"ಇಲ್ಲೊಬ್ಬರು ಅರವತ್ಮೂರು ಗಂಟೆ ಹದಿನಾಲ್ಕು ನಿಮಿಷ ಓದಿದಾರೆ."

ನಾನು ನಕ್ಕೆ. ಅವರು ನಗಲಿಲ್ಲ. "ಇನ್ನೊಬ್ಬರು ಊರ ಜಾತ್ರೆಗೆ ಅಂತ ರಜೆ ಹಾಕಿದ್ರು. ಅವರು ಊರಲ್ಲಿದ್ದ ದಿನವೇ ಇಲ್ಲಿ ಪರೀಕ್ಷೆ ಬರೆದು ತೊಂಬತ್ತು ಪರ್ಸೆಂಟ್ ತಗೊಂಡಿದಾರೆ. ಮುಂದಿನ ತಿಂಗಳು ಆಡಿಟ್ ಬೇರೆ. ಸ್ವಲ್ಪ ಬಂದು ನೋಡ್ತೀರಾ?"

ಹೇಗೂ ಹಸಿರು ಮಾರ್ಗದಲ್ಲೇ ನಿಂತಿದ್ದೆ. ಆಫೀಸಿಗೆ ತಡವಾಗುತ್ತದೆಂದು ಮೆಸೇಜು ಹಾಕಿ, ಎದುರು ಪ್ಲಾಟ್‌ಫಾರ್ಮಿಗೆ ಹೋಗಿ ಪೀಣ್ಯ ಇಂಡಸ್ಟ್ರಿಯಲ್ಲಿ ಇಳಿದೆ.

ನನ್ನ ಕೆಲಸ ಇಂಥ ಕೋರ್ಸುಗಳನ್ನು ಕಟ್ಟುವುದು. ಕಂಪನಿಗಳು ಪವರ್‌ಪಾಯಿಂಟ್ ಕೊಡುತ್ತವೆ, ನಾವು ಅದನ್ನು ಸ್ಟೋರಿಲೈನ್ ಎಂಬ ಕೋರ್ಸು ಕಟ್ಟುವ ಸಾಫ್ಟ್‌ವೇರಿನಲ್ಲಿ ಹಾಕಿ, ದನಿ ಕೊಟ್ಟು, ಪ್ರಶ್ನೆ ಸೇರಿಸಿ, ಸ್ಕಾರ್ಮ್ ಪೊಟ್ಟಣ ಮಾಡಿ ಅವರ ಎಲ್‌ಎಂಎಸ್‌ಗೆ ಏರಿಸುತ್ತೇವೆ. ಎಲ್‌ಎಂಎಸ್ ಎಂದರೆ ಯಾರು ಎಷ್ಟು ಓದಿದರು, ಎಷ್ಟು ಅಂಕ ಬಂತು ಎಂದು ಲೆಕ್ಕ ಇಡುವ ಸಾಫ್ಟ್‌ವೇರು; ಸ್ಕಾರ್ಮ್ ಎಂದರೆ ಕೋರ್ಸು ಅದರೊಡನೆ ಮಾತಾಡಲು ಇರುವ ನಿಯಮಗಳು. ಈ ಕೋರ್ಸಿನ ವಿಷಯ ಯಂತ್ರದ ಬೀಗ. ಲೇತನ್ನೋ ಪ್ರೆಸ್ಸನ್ನೋ ರಿಪೇರಿ ಮಾಡುವ ಮೊದಲು ಕರೆಂಟು ಕಡಿದು, ಮೇನ್ ಸ್ವಿಚ್ಚಿಗೆ ನಿಮ್ಮದೇ ಬೀಗ ಹಾಕಿ, ನಿಮ್ಮ ಹೆಸರಿನ ಚೀಟಿ ಕಟ್ಟಿ, ಕೀಲಿಯನ್ನು ನಿಮ್ಮ ಜೇಬಲ್ಲೇ ಇಟ್ಟುಕೊಳ್ಳಬೇಕು. ಒಬ್ಬ ಯಂತ್ರದೊಳಗೆ ಕೈ ಇಟ್ಟಿರುವಾಗ ಇನ್ನೊಬ್ಬ ಬಂದು ಸ್ವಿಚ್ ಹಾಕಬಾರದು, ಅಷ್ಟೇ ವಿಷಯ. ಅದನ್ನು ಹೇಳಲು ನಾವು ಮೂವತ್ತೈದು ನಿಮಿಷ ತೆಗೆದುಕೊಂಡಿದ್ದೆವು.

ತರಬೇತಿ ಕೋಣೆಯಲ್ಲಿ ಒಂಬತ್ತು ಕಂಪ್ಯೂಟರು. ಶಿಫ್ಟಿನ ಮಧ್ಯೆ ಹತ್ತು ಹತ್ತು ಜನ ಬಂದು ಕೂರುತ್ತಾರೆ. ಹತ್ತನೆಯವರು ಯಾರದೋ ಪಕ್ಕ ಸ್ಟೂಲು ಹಾಕಿಕೊಳ್ಳುತ್ತಾರೆ. ಪ್ರೊಜೆಕ್ಟರ್ ಹಾಕಿದಾಗ ಪರದೆ ಆರಿಹೋಗುತ್ತದೆಂದು ಐಟಿಯವರು ಎಲ್ಲ ಕಂಪ್ಯೂಟರಿಗೂ ನಿದ್ದೆಯನ್ನೇ ತೆಗೆದುಬಿಟ್ಟಿದ್ದರು. ಅರವತ್ಮೂರು ಗಂಟೆಯ ಗುಟ್ಟು ಹತ್ತು ನಿಮಿಷದಲ್ಲಿ ಬಿಚ್ಚಿತು. ಆತ ಶುಕ್ರವಾರ ಸಂಜೆ 5:40ಕ್ಕೆ ಕೋರ್ಸು ತೆರೆದಿದ್ದಾನೆ, ಕಂಪನಿ ಬಸ್ಸು ಹಾರ್ನ್ ಹೊಡೆದಿದೆ, ಎದ್ದು ಓಡಿದ್ದಾನೆ. ಸೋಮವಾರ 8:54ಕ್ಕೆ ಕಸ ಗುಡಿಸಲು ಬಂದ ಅಕ್ಕ ಪರದೆಯ ಮೇಲಿದ್ದ ಕೋರ್ಸಿನ ಕಿಟಕಿ ಮುಚ್ಚಿದ್ದಾರೆ. ರಜೆಯ ಮೇಲಿದ್ದವನ ಕಥೆಯೂ ಇದೇ ಜಾತಿಯದು. ಅವನು ಅರ್ಧಕ್ಕೆ ಎದ್ದು ಹೋದ ಕುರ್ಚಿಯಲ್ಲಿ ಮಾರನೆಯ ದಿನ ಇನ್ನೊಬ್ಬ ಕೂತು, ತನ್ನದೇ ಅಂದುಕೊಂಡು ಮುಗಿಸಿದ್ದಾನೆ. ಪಾಸಾದವನಿಗೆ ಸರ್ಟಿಫಿಕೇಟ್ ಇಲ್ಲ, ಸರ್ಟಿಫಿಕೇಟ್ ಬಂದವನಿಗೆ ಬೀಗದ ವಿಷಯ ಗೊತ್ತಿಲ್ಲ.

"ಯಾರೂ ಮುಟ್ಟದೆ ಐದು ನಿಮಿಷ ಆದ್ರೆ ಅದರಷ್ಟಕ್ಕೆ ಅದೇ ಮುಚ್ಕೊಳ್ಳೋ ಹಾಗೆ ಮಾಡಿಬಿಡಿ," ಅಂದರು ಮೇಡಂ. ಬ್ಯಾಂಕಿನ ವೆಬ್‌ಸೈಟು ಮಾಡುವುದಿಲ್ಲವೇ, ಹಾಗೆ.

ಆಯ್ತು ಅಂದೆ. ಆಗ ನಾನೊಂದು ಮಾತು ನುಂಗಿಕೊಂಡೆ, ಇಲ್ಲಿ ಹೇಳಿಬಿಡುತ್ತೇನೆ. ಆ ಎಲ್‌ಎಂಎಸ್ ಬಹಳ ಹೊತ್ತು ಸುಮ್ಮನಿದ್ದರೆ ತಾನೇ ಲಾಗೌಟ್ ಮಾಡುತ್ತಿತ್ತು. ಹಿಂದಿನ ವರ್ಷ ಇದೇ ಕಾರ್ಖಾನೆಯವರು "ಕೋರ್ಸ್ ಮಧ್ಯೆ ಹೊರಗೆ ಹಾಕುತ್ತೆ" ಎಂದು ದೂರಿದ್ದರು. ಆಗ ನಾನೇ ಕೋರ್ಸಿನೊಳಗೆ ನಾಲ್ಕು ಸಾಲು ಸೇರಿಸಿದ್ದೆ: ಐದು ನಿಮಿಷಕ್ಕೊಮ್ಮೆ ಸರ್ವರಿಗೆ "ಬದುಕಿದ್ದೀನಿ" ಎಂದು ಸುಳ್ಳು ಸುದ್ದಿ ಕಳಿಸುವ ಸಾಲುಗಳು. ಮುಂದೆ ಜನ ಇರಲಿ ಬಿಡಲಿ, ಕಳಿಸುತ್ತಲೇ ಇರುತ್ತದೆ. ಶುಕ್ರವಾರದಿಂದ ಸೋಮವಾರದವರೆಗೆ ಆ ಖಾಲಿ ಕೋಣೆಯಲ್ಲಿ ಅದು ಅದನ್ನೇ ಮಾಡುತ್ತಿತ್ತು. ಗಂಟು ನಾನು ಹಾಕಿದ್ದು, ಬಿಚ್ಚುವುದಕ್ಕೂ ನನ್ನನ್ನೇ ಕರೆದಿದ್ದರು.

ಮೊದಲ ಸಲ ಬರೆದದ್ದು ಯಾರಾದರೂ ಬರೆಯುವಂಥದ್ದೇ. ಬ್ರೌಸರಿನೊಳಗೆ ಓಡುವ ಭಾಷೆಯಾದ ಜಾವಾಸ್ಕ್ರಿಪ್ಟಿನಲ್ಲಿ ಐದು ನಿಮಿಷದ ಟೈಮರು; ಮೌಸ್ ಅಲುಗಿದರೆ, ಕೀಲಿ ಒತ್ತಿದರೆ, ಕ್ಲಿಕ್ ಆದರೆ ಮತ್ತೆ ಸೊನ್ನೆಯಿಂದ ಶುರು. ಐದು ನಿಮಿಷ ಮುಗಿದರೆ ಕಿಟಕಿ ಮುಚ್ಚು. ನನ್ನ ಲ್ಯಾಪ್‌ಟಾಪಿನಲ್ಲಿ ಅಚ್ಚುಕಟ್ಟಾಗಿ ಮುಚ್ಚಿಕೊಂಡಿತು. ಕಾರ್ಖಾನೆಯಲ್ಲಿ ಏರಿಸಿದರೆ ಏನೂ ಆಗಲಿಲ್ಲ. ಕಾರಣ ಸರಳ: ಸ್ಕ್ರಿಪ್ಟ್ ತಾನೇ ತೆರೆದ ಕಿಟಕಿಯನ್ನು ಮಾತ್ರ ಸ್ಕ್ರಿಪ್ಟ್ ಮುಚ್ಚಬಹುದು, ಬಳಕೆದಾರ ತೆರೆದದ್ದನ್ನು ಮುಚ್ಚಲು ಬ್ರೌಸರ್ ಬಿಡುವುದಿಲ್ಲ. ನನ್ನ ಪರೀಕ್ಷಾ ಎಲ್‌ಎಂಎಸ್ ಕೋರ್ಸನ್ನು ಹೊಸ ಕಿಟಕಿಯಲ್ಲಿ ತೆರೆಯುತ್ತಿತ್ತು, ಅವರದು ಅದೇ ಟ್ಯಾಬಿನಲ್ಲಿ. ಇಷ್ಟು ವರ್ಷ ಇದೇ ಕೆಲಸ ಮಾಡಿಯೂ ಇದನ್ನು ನೋಡಿಕೊಳ್ಳದೆ ಹೋದೆನಲ್ಲ ಎಂದು ನಾಚಿಕೆಯಾಯಿತು. ಸೆಟ್ಟಿಂಗ್ ಬದಲಿಸಿ ಹೊಸ ಕಿಟಕಿ ಮಾಡಿಸಿದೆ. ಕೆಲಸ ಮಾಡಿತು. ಮೇಡಂ ಕಾಫಿ ತರಿಸಿದರು.

ಗುರುವಾರದ ತಂಡದಲ್ಲಿ ನಾನೂ ಹೋಗಿ ಹಿಂದೆ ಕೂತಿದ್ದೆ. ನನ್ನ ಮುಂದೆ ಟರ್ನರ್ ಒಬ್ಬರು, ನಿವೃತ್ತಿಗೆ ಎರಡು ವರ್ಷ ಉಳಿದಿರುವ ಹಿರಿಯರು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಬಲಗೈ ತೋರುಬೆರಳನ್ನು ಪರದೆಯ ಮೇಲಿಟ್ಟು ಸಾಲು ಸಾಲಾಗಿ ಓದುತ್ತಿದ್ದರು. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಆಯಿಲ್ಲಿನ ಕಪ್ಪು ಗೆರೆ. "ಶಕ್ತಿಯ ಮೂಲವನ್ನು ಬೇರ್ಪಡಿಸಿದ ನಂತರವೂ ಸ್ಪ್ರಿಂಗ್, ಹೈಡ್ರಾಲಿಕ್ ಒತ್ತಡ ಮುಂತಾದವುಗಳಲ್ಲಿ ಉಳಿದಿರುವ ಶಕ್ತಿಯನ್ನು..." ಎಂಬ ಸಾಲಿನ ಮೇಲೆ ಬೆರಳು ನಿಂತಿತು, ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಯಿತು. ತುಟಿ ಅಲುಗುತ್ತಿತ್ತು. ಮೌಸು ಪಕ್ಕದಲ್ಲಿ ಅನಾಥವಾಗಿ ಬಿದ್ದಿತ್ತು. ಆ ಕೋಣೆಯಲ್ಲಿ ನಾನು ಬರೆಸಿದ ಪಾಠವನ್ನು ಅಕ್ಷರ ಬಿಡದೆ ಓದುತ್ತಿದ್ದವರು ಅವರೊಬ್ಬರೇ ಇರಬೇಕು.

ಕಿಟಕಿ ಅವರ ಬೆರಳಿನ ಕೆಳಗೇ ಮುಚ್ಚಿಹೋಯಿತು.

ಅವರು ಕೈಯನ್ನು ಬೆಂಕಿ ತಾಗಿದಂತೆ ಹಿಂದಕ್ಕೆ ಎಳೆದುಕೊಂಡರು. ಸುತ್ತ ನೋಡಿ, ನನ್ನ ಕಡೆ ತಿರುಗಿ, ಮೆಲ್ಲಗೆ ಕೇಳಿದರು: "ನಾನೇನಾದ್ರೂ ಕೆಡಿಸಿಬಿಟ್ನಾ ಮೇಡಮ್ಮೋರೆ?"

ಅದೇ ಹೊತ್ತಿಗೆ ಆ ಕಡೆಯಿಂದ ಮೂರು ದನಿ ಎದ್ದವು. ಬೀಗ ಹಾಕುವ ವಿಧಾನ ತೋರಿಸುವ ಏಳು ನಿಮಿಷದ ವಿಡಿಯೋ ಇತ್ತಲ್ಲ, ಅದನ್ನು ಕೈಕಟ್ಟಿ ಕೂತು ಗಮನವಿಟ್ಟು ನೋಡುತ್ತಿದ್ದವರೆಲ್ಲ ಐದನೇ ನಿಮಿಷಕ್ಕೆ ಆಚೆ. ಮೊಬೈಲ್ ನೋಡಿಕೊಂಡು ನಡುನಡುವೆ ಮೌಸ್ ಕುಟ್ಟುತ್ತಿದ್ದ ಹುಡುಗರು ಮಾತ್ರ ಸುರಕ್ಷಿತ.

ಮತ್ತೆ ತೆರೆದಾಗ ಹಿರಿಯರಿಗೆ ಮೊದಲನೇ ಸ್ಲೈಡಿನಿಂದ ಶುರುವಾಯಿತು. ಇದು ನನ್ನ ಇನ್ನೊಂದು ಜಾಣತನ. ಸ್ಕಾರ್ಮ್ 1.2ರಲ್ಲಿ ಕೋರ್ಸು ಹೊರಗೆ ಹೋಗುವಾಗ ಯಾಕೆ ಹೋಗುತ್ತಿದ್ದೇನೆ ಎಂದು ಎಲ್‌ಎಂಎಸ್‌ಗೆ ಒಂದು ಪದದಲ್ಲಿ ಹೇಳಬಹುದು. ಅಲ್ಲಿ 'ಟೈಮ್-ಔಟ್' ಎಂಬ ಪದವೂ ಇದೆ, 'ಸಸ್ಪೆಂಡ್' ಎಂಬ ಪದವೂ ಇದೆ. ಸಮಯ ಮೀರಿ ಮುಚ್ಚುತ್ತಿದ್ದೇವಲ್ಲ, ಹೆಸರು ನೋಡಿ 'ಟೈಮ್-ಔಟ್' ಹಾಕಿದ್ದೆ. ಆದರೆ ಮುಂದಿನ ಸಲ ಬಿಟ್ಟಲ್ಲಿಂದಲೇ ಮುಂದುವರಿಸು ಎಂಬ ಅರ್ಥ ಇರುವುದು 'ಸಸ್ಪೆಂಡ್'ಗೆ. 2001ರಲ್ಲಿ ಬರೆದಿಟ್ಟ ನಿಯಮ ಅದು, ಇವತ್ತಿಗೂ ಊರ ತುಂಬ ಎಲ್‌ಎಂಎಸ್‌ಗಳು ಅದರ ಮೇಲೇ ನಡೆಯುತ್ತಿವೆ, ನಾವು ಮಾತ್ರ ಹೆಸರು ನೋಡಿ ಹಣೆಬರಹ ಊಹಿಸುತ್ತೇವೆ.

ಅವತ್ತು ವಾಪಸ್ ಬರುವಾಗ ರೈಲಿನಲ್ಲಿ ಕೂತು ಯೋಚಿಸಿದ್ದು ಒಂದೇ. ಮೌಸ್ ಅಲುಗದಿರುವುದು ಎಂದರೆ ಮನುಷ್ಯ ಇಲ್ಲ ಎಂದು ಯಾರು ಹೇಳಿದರು? ನಮ್ಮ ಅಜ್ಜ ರಾತ್ರಿ ಭಾರತ ಓದುವಾಗ ಪುಟ ತಿರುವಲು ಹತ್ತು ನಿಮಿಷ ಬೇಕಾಗುತ್ತಿತ್ತು. ಐದು ನಿಮಿಷಕ್ಕೊಮ್ಮೆ ಅಜ್ಜಿ ಬಂದು ದೀಪ ಆರಿಸಿದ್ದರೆ ಕುರುಕ್ಷೇತ್ರ ಮುಟ್ಟುತ್ತಲೇ ಇರಲಿಲ್ಲ.

ಎರಡನೇ ಸಲಕ್ಕೆ ಎಲ್ಲ ಕಿತ್ತು ಬರೆದೆ. ವಿಡಿಯೋ ಓಡುತ್ತಿರುವವರೆಗೆ ಲೆಕ್ಕವೇ ಇಲ್ಲ. ಮುಗಿದ ಮೇಲೆ ಎಣಿಕೆ ಶುರು. ಓದುವ ಪುಟಗಳಿಗೆ ಐದರ ಬದಲು ಹನ್ನೆರಡು ನಿಮಿಷ. ಹನ್ನೆರಡು ಎಲ್ಲಿಂದ ಬಂತೆಂದರೆ, ಆ ಹಿರಿಯರನ್ನೇ ಕೂರಿಸಿಕೊಂಡು ಅತಿ ಉದ್ದದ ಪುಟ ಓದಿಸಿದೆ, ಒಂಬತ್ತು ನಿಮಿಷ ಬೇಕಾಯಿತು. ಹಾಗೆ ನೋಡಿದರೆ ಆ ಪುಟ ಅಷ್ಟುದ್ದ ಇರಬಾರದಿತ್ತು. ಅದನ್ನೂ ಮೂರು ಪುಟ ಮಾಡಿದೆ, "ಬೇರ್ಪಡಿಸಿದ ನಂತರವೂ" ಹೋಗಿ "ಕರೆಂಟ್ ಕಡಿದ ಮೇಲೂ" ಬಂತು.

ಟೈಮರಿನ ಬುಡವೂ ಬದಲಾಗಬೇಕಾಯಿತು. ಹಿಂದಿನ ಟ್ಯಾಬಿನಲ್ಲಿ ಅಡಗಿರುವ ಪುಟದ ಟೈಮರುಗಳನ್ನು ಬ್ರೌಸರು ನಿಧಾನ ಮಾಡುತ್ತದೆ. ಕ್ರೋಮ್ 2021ರಿಂದ, ಐದು ನಿಮಿಷಕ್ಕಿಂತ ಹೆಚ್ಚು ಮರೆಯಲ್ಲಿರುವ ಪುಟವನ್ನು ನಿಮಿಷಕ್ಕೊಮ್ಮೆ ಮಾತ್ರ ಎಬ್ಬಿಸುತ್ತದೆ. ಸೆಕೆಂಡು ಸೆಕೆಂಡಾಗಿ ಎಣಿಸುವ ನನ್ನಂಥವರ ಲೆಕ್ಕ ಅಲ್ಲೇ ಕೆಟ್ಟಿತು. ಆದ್ದರಿಂದ ಎಣಿಸುವುದನ್ನೇ ಬಿಟ್ಟೆ. ಕೊನೆಯ ಸಲ ಮುಟ್ಟಿದ್ದು ಎಷ್ಟು ಗಂಟೆಗೆ ಎಂದು ಬರೆದಿಟ್ಟುಕೊಳ್ಳುವುದು, ಎಚ್ಚರವಾದಾಗಲೆಲ್ಲ ಗಡಿಯಾರ ನೋಡಿ ಕಳೆಯುವುದು. ಇದರಲ್ಲೂ ಒಂದು ಮುಳ್ಳಿತ್ತು. ಆಫೀಸಿನವರ ಲ್ಯಾಪ್‌ಟಾಪು ನಿದ್ದೆಯಿಂದ ಏಳುವಾಗ ಮೊದಲು ಆಗುವುದೇ ಮೌಸಿನ ಅಲುಗಾಟ. ಅದನ್ನು 'ಮುಟ್ಟಿದರು' ಎಂದು ಬರೆದುಕೊಂಡುಬಿಟ್ಟರೆ ರಾತ್ರಿಯೆಲ್ಲ ಮಲಗಿದ್ದದ್ದೂ ಓದಿದ ಲೆಕ್ಕಕ್ಕೆ ಸೇರುತ್ತದೆ. ಮೌಸ್ ಅಲುಗಿದ ಕೂಡಲೇ ಮೊದಲು ಹಳೆಯ ಸಮಯದೊಡನೆ ಹೋಲಿಸಿ, ಆಮೇಲೆ ಹೊಸದನ್ನು ಬರೆಯಬೇಕು. ಎರಡು ಸಾಲು ಹಿಂದುಮುಂದಾದದ್ದಕ್ಕೆ ನನ್ನ ಒಂದು ಭಾನುವಾರ ಹೋಯಿತು.

ಹೇಳದೆ ಕೇಳದೆ ಮುಚ್ಚುವುದು ಬೇಡವೆಂದು ಎಚ್ಚರಿಕೆಯ ಪೆಟ್ಟಿಗೆ ಹಾಕಿದೆ. ಎಲ್ಲರಿಗೂ ಎಟುಕುವ ವೆಬ್ ಪುಟಗಳಿಗೆಂದು ಇರುವ ಡಬ್ಲ್ಯುಸಿಎಜಿ ಸೂತ್ರಗಳು, ಸಮಯ ಮುಗಿಯುವ ಮೊದಲು ಎಚ್ಚರಿಸಿ ಕನಿಷ್ಠ 20 ಸೆಕೆಂಡು ಕೊಡಬೇಕು, ಒಂದು ಕೀಲಿ ಒತ್ತುವಷ್ಟು ಸುಲಭದಲ್ಲಿ ಸಮಯ ಹೆಚ್ಚಿಸಿಕೊಳ್ಳುವಂತಿರಬೇಕು ಎನ್ನುತ್ತವೆ. ಇಪ್ಪತ್ತು ಸೆಕೆಂಡಿನಲ್ಲಿ ನಮ್ಮ ಹಿರಿಯರು ಕನ್ನಡಕವನ್ನೂ ಸರಿಮಾಡಿಕೊಳ್ಳುವುದಿಲ್ಲ. ಎರಡು ನಿಮಿಷ ಕೊಟ್ಟೆ. ಬ್ರೌಸರಿನದೇ ಸಿದ್ಧ ಅಲರ್ಟ್ ಪೆಟ್ಟಿಗೆ ಬಳಸಿದ್ದು ತಪ್ಪಾಯಿತು: ಅದು ತೆರೆದಿರುವಷ್ಟು ಹೊತ್ತು ಪುಟದ ಉಳಿದ ಸ್ಕ್ರಿಪ್ಟೆಲ್ಲ ಕಲ್ಲಾಗಿ ನಿಲ್ಲುತ್ತದೆ. ಮುಚ್ಚಲಿದ್ದೇವೆ ಎಂದು ಹೇಳಿ, ಯಾರಾದರೂ ಬಂದು ಓಕೆ ಒತ್ತುವವರೆಗೆ ಮುಚ್ಚದೆ ಕೂರುವ ಕೋರ್ಸು. ಕೊನೆಗೆ ಸ್ಟೋರಿಲೈನ್‌ನಲ್ಲೇ ಸ್ಲೈಡಿನ ಮೇಲೆ ಮೂಡುವ ಒಂದು ಲೇಯರ್ ಬಿಡಿಸಿದೆ.

ಪೆಟ್ಟಿಗೆಯ ಮಾತನ್ನು ಅನುವಾದದವರು ಹೀಗೆ ಕಳಿಸಿದ್ದರು: "ನಿಷ್ಕ್ರಿಯತೆಯ ಕಾರಣ ನಿಮ್ಮ ಅಧಿವೇಶನವು ಮುಕ್ತಾಯಗೊಳ್ಳಲಿದೆ."

ಫಿಟ್ಟರ್ ಹುಡುಗನೊಬ್ಬ ಅದನ್ನು ಜೋರಾಗಿ ಓದಿ, "ಅಧಿವೇಶನ ಅಂದ್ರೆ ವಿಧಾನಸೌಧದ್ದಲ್ವಾ? ನಮ್ಮದ್ಯಾವಾಗ ಶುರುವಾಯ್ತು?" ಅಂದ. ಕೋಣೆಯೆಲ್ಲ ನಕ್ಕಿತು. ಅಲ್ಲೇ ಕೂತು ಅಳಿಸಿದೆ. ದೊಡ್ಡ ಅಕ್ಷರದಲ್ಲಿ "ಇದ್ದೀರಾ?" ಎಂದು ಮಾತ್ರ ಇಟ್ಟೆ. ಕೆಳಗೆ ಎರಡು ಗುಂಡಿ. ಒಂದರಲ್ಲಿ "ಇದ್ದೀನಿ". ಇನ್ನೊಂದರಲ್ಲಿ "ಆಮೇಲೆ ಮಾಡ್ತೀನಿ". ನಮ್ಮ ಆಫೀಸಿನಲ್ಲಿ ಇದು ಗ್ರಾಂಥಿಕವಾಗಿಲ್ಲ ಎಂದು ಆಕ್ಷೇಪ ಬಂತು. ಗ್ರಾಂಥಿಕವಾಗಿಲ್ಲ ನಿಜ, ಆದರೆ ಎಲ್ಲರೂ ಉತ್ತರ ಕೊಡುತ್ತಿದ್ದಾರಲ್ಲ ಎಂದೆ.

ಇಷ್ಟೆಲ್ಲ ಆದ ಮೇಲೆ, ಕೆಲಸ ಮುಗಿಯಿತೆಂದು ನಾನು ಚೀಲ ಹೆಗಲಿಗೇರಿಸಿದಾಗ ಆ ಟರ್ನರ್ ಹಿರಿಯರೇ ತಡೆದದ್ದು. ಕೋರ್ಸು ಸರಿಯಾಗಿ ಮುಚ್ಚಿಕೊಂಡಿತ್ತು. ಅದರ ಹಿಂದೆ ಎಲ್‌ಎಂಎಸ್ಸಿನ ಪುಟ ಹಾಗೇ ಇತ್ತು, ಮೂಲೆಯಲ್ಲಿ ಅವರ ಹೆಸರು, ಫೋಟೋ.

"ಇಲ್ಲಿ ನನ್ನ ಹೆಸರೇ ಐತಲ್ಲ. ಈಗ ಇವನು ಬಂದು ಕೂತ್ರೆ?" ಎಂದು ಪಕ್ಕದವನನ್ನು ತೋರಿಸಿದರು. "ಬೀಗ ಹಾಕ್ದೋನೇ ಬೀಗ ತೆಗೀಬೇಕು, ಕೀಲಿ ಅವನ ಜೋಬಲ್ಲೇ ಇರಬೇಕು ಅಂತ ನೀವೇ ಪಾಠದಲ್ಲಿ ಹೇಳಿದ್ರಿ. ಇಲ್ಲಿ ನೋಡಿದ್ರೆ ಕೀಲಿ ಮೇಜಿನ ಮೇಲೇ ಬಿಟ್ಟು ಹೋದಂಗಾಯ್ತು."

ಚೀಲ ಕೆಳಗಿಟ್ಟೆ. ಒಬ್ಬನ ಹೆಸರಲ್ಲಿ ಇನ್ನೊಬ್ಬ ಪಾಸಾಗುವ ತೂತು ಇದ್ದದ್ದು ಅಲ್ಲಿ. ನಾನು ಇಷ್ಟು ದಿನ ಕಿಟಕಿ ಮುಚ್ಚುವುದು ಹೇಗೆಂದು ಒದ್ದಾಡಿದ್ದೆ, ಬಾಗಿಲು ಹಾರುಹೊಡೆದಿತ್ತು. ಸಾಲದ್ದಕ್ಕೆ, ಮುಚ್ಚುವ ಮೊದಲು ಕೋರ್ಸು ಅಂಕ, ಸಮಯ ಎಲ್ಲ ಸರ್ವರಿಗೆ ಕಳಿಸುತ್ತದಲ್ಲ, ಅದೇ ಎಲ್‌ಎಂಎಸ್‌ಗೆ ಹೊಸ ಉಸಿರು ಕೊಟ್ಟು ಲಾಗಿನ್ನನ್ನು ಇನ್ನಷ್ಟು ಹೊತ್ತು ಬದುಕಿಸುತ್ತಿತ್ತು.

ಎಲ್‌ಎಂಎಸ್ ನೋಡಿಕೊಳ್ಳುವವರೊಂದಿಗೆ ಎರಡು ದಿನ ಫೋನಿನಲ್ಲಿ ಜಗ್ಗಾಡಿ ಲಾಗೌಟ್ ವಿಳಾಸ ತೆಗೆಸಿಕೊಂಡೆ. ಈಗ "ಇದ್ದೀರಾ?" ಎಂಬುದಕ್ಕೆ ಉತ್ತರ ಬಾರದಿದ್ದರೆ ಕೋರ್ಸು ಮೊದಲು ಎಲ್ಲಿಯವರೆಗೆ ಬಂದಿದ್ದರೋ ಅದನ್ನು ಉಳಿಸುತ್ತದೆ, 'ಸಸ್ಪೆಂಡ್' ಹೇಳುತ್ತದೆ, ಈ ಸಲಕ್ಕೆ ಇಷ್ಟೇ ಎಂದು ಎಲ್‌ಎಂಎಸ್‌ಗೆ ತಿಳಿಸಿ ಅದು ಹೂಂಗುಟ್ಟಿದ ಮೇಲೆ ತಾನು ಮುಚ್ಚಿಕೊಂಡು ಹಿಂದಿನ ಪುಟವನ್ನು ಲಾಗೌಟಿಗೆ ಕಳಿಸುತ್ತದೆ. ಈ ಕ್ರಮ ತಪ್ಪಿದರೆ ಕೆಟ್ಟಿತು. ಕಿಟಕಿ ಮುಚ್ಚುವ ಗಳಿಗೆಯಲ್ಲಿ ಉಳಿಸುತ್ತೇನೆ ಎಂದು ಹೊರಟರೆ ಬ್ರೌಸರು ಎಷ್ಟೋ ಸಲ ಅದಕ್ಕೆ ಪುರುಸೊತ್ತೇ ಕೊಡುವುದಿಲ್ಲ. "ಬದುಕಿದ್ದೀನಿ" ಎಂಬ ನನ್ನ ಹಳೆಯ ಸುಳ್ಳನ್ನೂ ತಿದ್ದಿದೆ: ಎದುರಿಗಿರುವವರು ಏನಾದರೂ ಮಾಡಿದ್ದರೆ, ಇಲ್ಲವೇ ವಿಡಿಯೋ ಓಡುತ್ತಿದ್ದರೆ ಮಾತ್ರ ಕಳಿಸುತ್ತದೆ. ಅದಕ್ಕೂ ಮೀರಿ ಏನಾದರೂ ಕೈಕೊಟ್ಟರೆ ಇರಲೆಂದು ಎಲ್‌ಎಂಎಸ್ಸಿನ ಗಡುವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಲು ಹೇಳಿದೆ.

ಉಳಿದದ್ದು ಸಮಯದ ಲೆಕ್ಕ. ಸ್ಕಾರ್ಮ್‌ನಲ್ಲಿ ಒಂದು ಸಲ ಕೂತು ಎದ್ದದ್ದಕ್ಕೆ ಎಷ್ಟು ಹೊತ್ತಾಯಿತೆಂದು ಹೇಳುವುದು ಕೋರ್ಸೇ, ಎಲ್‌ಎಂಎಸ್ ಅದನ್ನು ಕೂಡಿಸುತ್ತದೆ ಅಷ್ಟೆ. ಹಾಗಾಗಿ ಅರವತ್ಮೂರು ಗಂಟೆ ಎಂದು ಚಾಡಿ ಹೇಳಿದ್ದೂ ನನ್ನ ಕೋರ್ಸೇ. ಈಗ ತಾನಾಗಿ ಮುಚ್ಚಿಕೊಂಡಾಗ, ಕೊನೆಯ ಸಲ ಮುಟ್ಟಿದ ಗಳಿಗೆಯವರೆಗಿನದನ್ನಷ್ಟೇ ಬರೆಯುತ್ತದೆ. ಕಾದ ಹದಿನಾಲ್ಕು ನಿಮಿಷ ಯಾರ ಖಾತೆಗೂ ಇಲ್ಲ. ಕೊನೆಯ ಮುಟ್ಟುವಿಕೆಯ ನಂತರ ನಾಲ್ಕು ನಿಮಿಷ ನಿಜವಾಗಿಯೂ ಓದಿ ಎದ್ದುಹೋದವನಿಗೆ ಆ ನಾಲ್ಕು ನಿಮಿಷ ನಷ್ಟ. ಅದಕ್ಕೆ ನನ್ನಲ್ಲಿ ಪರಿಹಾರ ಇಲ್ಲ.

ಮುಂದಿನ ತಿಂಗಳು ವರದಿ ತೆಗೆದುಕೊಂಡು ಮೇಡಂ ಮತ್ತೆ ಫೋನ್ ಮಾಡಿದರು. ಎಲ್ಲರದೂ ಮೂವತ್ತು, ನಲವತ್ತು, ಐವತ್ತು ನಿಮಿಷದೊಳಗೆ ಬಂದಿದೆ, ಆಡಿಟಿನವರೂ ಏನೂ ಅನ್ನಲಿಲ್ಲ. ತರಬೇತಿ ಕೋಣೆಯಲ್ಲಿ ಹುಡುಗರು ಊಟಕ್ಕೆ ಕರೆಯುವಾಗಲೂ "ಇದ್ದೀರಾ?" ಎನ್ನತೊಡಗಿದ್ದಾರಂತೆ.

"ಒಂದು ಮಾತ್ರ ಇನ್ನೂ ತಪ್ಪು ಬರ್ತಿದೆ," ಅಂದರು. "ಒಬ್ಬರದು ಒಂದು ಗಂಟೆ ಐವತ್ತೆರಡು ನಿಮಿಷ ತೋರಿಸ್ತಿದೆ. ಮೂರು ಸಲ ಕೂತಿದಾರೆ. ಸರಿ ಮಾಡ್ತೀರಾ?"

ಯಾರದೆಂದು ಕೇಳಿದೆ. ಟರ್ನರ್, ಅಂದರು.

"ಅದು ಸರಿಯಾಗೇ ಇದೆ ಮೇಡಂ," ಅಂದೆ.